ಬಳ್ಳಾರಿ ತಳಿಯ ನಾಟಿ ಕುರಿ: ಹತ್ತು ಕುರಿ, ಒಂದು ಟಗರಿನಿಂದ ಶುರು ಮಾಡುವವರಿಗೆ

ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆ ರಸ್ತೆಗೆ ಅಡ್ಡ ಬರುವ ಮಂದೆಗಳಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಬಗೆಯ ಕುರಿ: ಕಪ್ಪು, ಬಿಳಿ ಅಥವಾ ಎರಡೂ ಬೆರೆತ ಮೈ, ಜೋತುಬಿದ್ದ ಚಪ್ಪಟೆ ಕಿವಿ, ಗಿಡ್ಡ ಬಾಲ, ಒರಟು ತುಪ್ಪಟ. ಟಗರುಗಳಲ್ಲಿ ಕೆಲವಕ್ಕೆ ಮಾತ್ರ ಕೊಂಬು. ಹೆಣ್ಣು ಕುರಿ ಸಾಮಾನ್ಯವಾಗಿ ಬೋಳು. ಇದು ಬಳ್ಳಾರಿ ತಳಿ. ಹೆಸರು ಬಳ್ಳಾರಿಯದಾದರೂ ದಾವಣಗೆರೆ, ಚಿತ್ರದುರ್ಗ, ಹಾವೇರಿ ಜಿಲ್ಲೆಗಳೂ ಇದರ ತವರು. ನಮ್ಮಲ್ಲಿ ತಳಿಯ ಹೆಸರು ಹಿಡಿದು ಕರೆಯುವವರು ಕಡಿಮೆ, ‘ನಾಟಿ ಕುರಿ’ ಎಂದರೆ ಮುಗಿಯಿತು.

ನೂರಾರು ಕುರಿ ಹೊಡೆದುಕೊಂಡು ಊರೂರು ತಿರುಗುವ ಕುರಿಗಾರರಿಗಾಗಿ ಈ ಲೇಖನ ಬರೆದಿಲ್ಲ. ಇಲ್ಲಿರುವುದರಲ್ಲಿ ಬಹುಪಾಲು ಅವರ ಅನುಭವದಿಂದಲೇ ಬಂದದ್ದು. ಎರಡು ಮೂರು ಎಕರೆ ಹೊಲ, ಮನೆಯಲ್ಲಿ ದುಡಿಯುವ ನಾಲ್ಕು ಕೈ, ವರ್ಷವೆಲ್ಲ ಒಂದಿಷ್ಟು ಆದಾಯ ಬೇಕು ಎನ್ನುವ ಕುಟುಂಬಕ್ಕೆ ಬರೆಯುತ್ತಿದ್ದೇನೆ. ಅಂಥವರು ಹತ್ತು ಹೆಣ್ಣು ಕುರಿ, ಒಂದು ಟಗರು ಇಟ್ಟುಕೊಂಡು ಆರಂಭಿಸುವುದು ಕ್ಷೇಮ.

ದೊಡ್ಡ ಮೈಯ ತಳಿಗಳ ವೀಡಿಯೊ ನೋಡಿ ಮರುಳಾಗುವವರು ಈಗ ಹಳ್ಳಿಗೊಬ್ಬರು ಸಿಗುತ್ತಾರೆ. ಬಳ್ಳಾರಿ ತಳಿಯ ಬೆಳೆದ ಟಗರು ಸುಮಾರು 35 ಕಿಲೊ, ಹೆಣ್ಣು ಕುರಿ 27–28 ಕಿಲೊ ತೂಗುತ್ತದೆ. ಡಾರ್ಪರ್ ಮುಂತಾದ ವಿದೇಶಿ ಟಗರುಗಳ ಪಕ್ಕದಲ್ಲಿ ನಿಲ್ಲಿಸಿದರೆ ಇದು ಚಿಕ್ಕದಾಗಿಯೇ ಕಾಣುತ್ತದೆ. ಆದರೆ ನಮ್ಮ ಕುರಿಯಿಂದ ಆದಾಯ ಬರುವ ದಾರಿ ಬೇರೆ. ಹುಟ್ಟಿದ ಮರಿ ಸಾಯದೆ ಉಳಿಯಬೇಕು, ಮೇವಿಗೆ ಕೈಯಿಂದ ದುಡ್ಡು ಬೀಳಬಾರದು. ವರ್ಷಕ್ಕೆ 500 ಮಿಲಿಮೀಟರ್ ಮಳೆಯನ್ನೂ ಕಾಣದ ಚಳ್ಳಕೆರೆ ಸೀಮೆಯ ಬಿಸಿಲಿನಲ್ಲಿ ದಿನಕ್ಕೆ ಹಲವು ಮೈಲಿ ನಡೆದು, ಒಣಗಿದ ಕೂಳೆ ಮೇಯ್ದು, ವರ್ಷಕ್ಕೊಂದು ಮರಿಯನ್ನು ಸಾಕಿ ಕೊಡುವ ಶಕ್ತಿ ಈ ತಳಿಯ ರಕ್ತದಲ್ಲಿದೆ. ಅದನ್ನು ಬೆರಕೆ ಮಾಡಿ ಕಳೆದುಕೊಳ್ಳಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅವಳಿ ಮರಿ ಹಾಕುವ ನಾರಿ ಸುವರ್ಣ ತಳಿಯನ್ನು ಹೊಗಳುವವರೂ ಇದ್ದಾರೆ. ನೀರಾವರಿ ಇದ್ದು ಹಸಿರು ಮೇವು ಧಾರಾಳವಾಗಿರುವವರಿಗೆ ಅದು ಸರಿ. ಒಣಭೂಮಿಯಲ್ಲಿ ಎರಡು ಮರಿಗೆ ಹಾಲು ಕೊಡುವ ತಾಯಿಗೆ ಕೈ ಮೇವು ಹಾಕದಿದ್ದರೆ ತಾಯಿಯೂ ಬಡವಾಗುತ್ತದೆ, ಮರಿಗಳೂ ಕೈಬಿಡುತ್ತವೆ.

ಕೊಳ್ಳುವ ಮೊದಲು ಮೇವು, ಆಮೇಲೆ ಕುರಿ

ಏಪ್ರಿಲ್–ಮೇ ತಿಂಗಳಲ್ಲಿ ಮೇವು ಇಲ್ಲದವರೆಲ್ಲ ಕುರಿ ಮಾರುವುದರಿಂದ ಸಂತೆಯಲ್ಲಿ ಬೆಲೆ ಇಳಿದಿರುತ್ತದೆ. ಅಗ್ಗ ಎಂದು ಆಗ ಕೊಂಡವರಿಗೂ ಮೇವು ಇರುವುದಿಲ್ಲ. ಸುಗ್ಗಿ ಮುಗಿಯುತ್ತಾ ಬಂದಾಗ, ಅಂದರೆ ನವೆಂಬರ್–ಡಿಸೆಂಬರ್‌ನಲ್ಲಿ, ಬಣವೆ ಒಟ್ಟಿದ ಮೇಲೆ ಕುರಿ ತನ್ನಿ. ಬೆಲೆ ಸ್ವಲ್ಪ ಹೆಚ್ಚಾದರೂ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಅವಕ್ಕೆ ನಾಲ್ಕು ತಿಂಗಳ ಸುಕಾಲ ಸಿಗುತ್ತದೆ.

ಸಾಧ್ಯವಾದರೆ ಸಂತೆಯಲ್ಲಿ ಕೊಳ್ಳಬೇಡಿ. ಹತ್ತು ಊರಿನ ರೋಗ ಒಟ್ಟುಗೂಡುವ ಜಾಗ ಅದು. ಪರಿಚಯದ ಕುರಿಗಾರರ ಮಂದೆಗೇ ಹೋಗಿ, ಬೆಳಿಗ್ಗೆ ರೊಪ್ಪದಿಂದ, ಅಂದರೆ ಕುರಿದೊಡ್ಡಿಯಿಂದ, ಹೊರಗೆ ಬಿಡುವ ಹೊತ್ತಿಗೆ ನಿಂತು ನೋಡಿ. ಹಿಂದೆ ಉಳಿಯುವುದು, ಕುಂಟುವುದು, ಕೆಮ್ಮುವುದು, ಹಿಂಭಾಗದ ತುಪ್ಪಟಕ್ಕೆ ಭೇದಿ ಮೆತ್ತಿಕೊಂಡಿರುವುದು ಆಗಲೇ ಕಣ್ಣಿಗೆ ಬೀಳುತ್ತವೆ.

ವಯಸ್ಸು ತಿಳಿಯಲು ಕೆಳದವಡೆಯ ಮುಂದಿನ ಹಲ್ಲು ನೋಡಬೇಕು. ಎಲ್ಲವೂ ಸಣ್ಣ ಹಾಲುಹಲ್ಲಾಗಿದ್ದರೆ ಸಾಮಾನ್ಯವಾಗಿ ಇನ್ನೂ ವರ್ಷ ತುಂಬಿಲ್ಲ. ನಡುವಿನ ಎರಡು ಅಗಲ ಹಲ್ಲು ಬಂದಿದ್ದರೆ ಒಂದರಿಂದ ಒಂದೂವರೆ ವರ್ಷ, ನಾಲ್ಕು ಬಂದಿದ್ದರೆ ಎರಡರ ಆಸುಪಾಸು. ಎಂಟೂ ಬಂದು ಬಾಯಿ ಕೂಡಿದ್ದರೆ ನಾಲ್ಕು ವರ್ಷದ ಕುರಿ. ಎರಡು ಅಥವಾ ನಾಲ್ಕು ಹಲ್ಲಿನದನ್ನೇ ಆರಿಸಿ. ನಂತರ ಕೆಚ್ಚಲು ಮುಟ್ಟಿ ನೋಡಿ: ಎರಡೂ ಮೊಲೆ ಸರಿಯಿರಬೇಕು, ಒಳಗೆ ಗಂಟು ಇರಬಾರದು. ಕೆಳಗಿನ ಕಣ್ಣುರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದರೆ ಒಳಪೊರೆ ಕೆಂಪಾಗಿ ಕಾಣಬೇಕು. ಸುಣ್ಣದಂತೆ ಬಿಳಿಚಿದ್ದರೆ ಹೊಟ್ಟೆಯಲ್ಲಿ ಜಂತು ರಕ್ತ ಹೀರುತ್ತಿದೆ. ದವಡೆಯ ಕೆಳಗೆ ನೀರು ತುಂಬಿದ ಬಾವು ಇದ್ದರೆ ಆ ಕುರಿಯನ್ನು ಬಿಟ್ಟುಬಿಡಿ.

ಟಗರಿನ ವಿಷಯದಲ್ಲಿ ಚೌಕಾಸಿ ಬೇಡ. ಹತ್ತು ಕುರಿಯ ಎಲ್ಲ ಮರಿಗಳಿಗೂ ಅರ್ಧ ರಕ್ತ ಅದರದೇ. ಬೀಜಗಳೆರಡೂ ಸಮನಾಗಿ, ಗಟ್ಟಿಯಾಗಿ ಕೆಳಗೆ ಇಳಿದಿರಬೇಕು; ಒಂದೇ ಬೀಜ ಇಳಿದ ಟಗರು ಎಷ್ಟೇ ಚೆಂದವಿದ್ದರೂ ಬೇಡ. ಮೇಲ್ದವಡೆ ಮುಂದಕ್ಕೆ ಚಾಚಿರಬಾರದು. ಹೆಣ್ಣು ಕುರಿ ಕೊಂಡ ಮಂದೆಯಲ್ಲೇ ಟಗರು ಕೊಂಡರೆ ಅಣ್ಣ ತಂಗಿಯರನ್ನೇ ತಂದಂತಾಗಬಹುದು. ಅದಕ್ಕೆ ಟಗರು ಬೇರೆ ಊರಿನದಿರಲಿ.

ತಂದ ಕುರಿಗಳನ್ನು ಊರಿನ ಮಂದೆಯ ಜೊತೆ ಕೂಡಲೇ ಬಿಡಬೇಡಿ. ಮೂರು ವಾರ ಬೇರೆ ಕಟ್ಟಿ. ಒಳಗೆ ರೋಗವಿದ್ದರೆ ಅಷ್ಟರಲ್ಲಿ ಸಾಮಾನ್ಯವಾಗಿ ಹೊರಬೀಳುತ್ತದೆ.

ರೊಪ್ಪ

ಇದಕ್ಕೆ ಹೆಚ್ಚು ಖರ್ಚು ಮಾಡುವ ಅಗತ್ಯವಿಲ್ಲ. ಬೆಳೆದ ಕುರಿಗೆ 10–12 ಚದರ ಅಡಿ, ಟಗರಿಗೆ 20, ಮರಿಗೆ ನಾಲ್ಕು ಅಡಿ ಲೆಕ್ಕ ಹಿಡಿದರೆ ಹತ್ತು ಕುರಿ ಮತ್ತು ಅವುಗಳ ಮರಿಗಳಿಗೆ 20 ಅಡಿ ಉದ್ದ, 10 ಅಡಿ ಅಗಲದ ಮಾಡು ಸಾಕು. ಅದರ ಮುಂದೆ ಎರಡರಷ್ಟು ಬಯಲು ಅಂಗಳ. ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ, ಬೇಸಿಗೆಯ ಬಿಸಿಲು ನೇರ ಒಳಗೆ ಬರುವುದಿಲ್ಲ. ಅಟ್ಟಣಿಗೆ ನೆಲ ಮಾಡಿಸಲು ಲಕ್ಷಗಟ್ಟಲೆ ಸಾಲ ಮಾಡುವವರನ್ನು ಕಂಡು ಸಂಕಟವಾಗುತ್ತದೆ. ಚನ್ನಗಿರಿಯ ತೇವದ ಭಾಗದಲ್ಲಿ ಅದಕ್ಕೆ ಅರ್ಥವಿದೆ. ನಮ್ಮ ಒಣ ತಾಲ್ಲೂಕುಗಳಲ್ಲಿ ಸ್ವಲ್ಪ ಎತ್ತರದ ಜಾಗದಲ್ಲಿ ಗರಸು ಹಾಕಿ, ನೀರು ಹರಿದು ಹೋಗುವ ಹಾಗೆ ಇಳಿಜಾರು ಕೊಟ್ಟರೆ ನೆಲ ಒಣಗಿರುತ್ತದೆ. ಹದಿನೈದು ದಿನಕ್ಕೊಮ್ಮೆ ಹಿಕ್ಕೆ ಗುಡಿಸಿ ಸುಣ್ಣದ ಪುಡಿ ಎರಚಿ.

ದುಡ್ಡನ್ನು ಬೇಲಿಗೆ ಹಾಕಿ. ತೋಳ, ಚಿರತೆಯ ಭಯ ಕಾಡಂಚಿನ ಊರುಗಳಿಗೆ. ಬೀದಿನಾಯಿಗಳ ಕಾಟ ಎಲ್ಲ ಊರಿಗೂ ಇದೆ. ಒಂದು ರಾತ್ರಿ ನಾಯಿ ಹಿಂಡು ನುಗ್ಗಿದರೆ ಒಂದು ವರ್ಷದ ಆದಾಯ ಹೋಗುತ್ತದೆ. ತಂತಿ ಜಾಲರಿಯ ಬುಡವನ್ನು ಅರ್ಧ ಅಡಿ ನೆಲದೊಳಗೆ ಹೂತು ಕಲ್ಲು ಹೇರಿದರೆ ಅವು ಕೆರೆದು ಒಳಗೆ ಬರುವುದು ತಪ್ಪುತ್ತದೆ. ಚಿರತೆ ಓಡಾಡುವ ಕಡೆ ರಾತ್ರಿ ಮಲಗುವ ಭಾಗದ ನಾಲ್ಕು ಸುತ್ತೂ, ಮೇಲೂ ಜಾಲರಿ ಇರಲೇಬೇಕು.

ಮೇವಿನ ಪಂಚಾಂಗ

ಹೊಸಬರು ಎಡವುವುದು ಇಲ್ಲಿ. ಮಳೆಗಾಲದಲ್ಲಿ ಎಲ್ಲೆಲ್ಲೂ ಹಸಿರು ಇರುತ್ತದೆ, ಆದರೆ ಹೊಲಗಳಲ್ಲಿ ಬೆಳೆ ನಿಂತಿರುವುದರಿಂದ ಕುರಿ ಬಿಡಲು ಜಾಗವೇ ಇರುವುದಿಲ್ಲ. ಮೊದಲು ಮೇಯಿಸಲು ಕಾವಲು ಎನ್ನುವ ಹುಲ್ಲುಗಾವಲುಗಳಿದ್ದವು. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಲಿನ ಅಮೃತಮಹಲ್ ಕಾವಲು ದೊಡ್ಡ ದೊಡ್ಡ ಸಂಸ್ಥೆಗಳ ಕಾಂಪೌಂಡಿನೊಳಗೆ ಸೇರಿಹೋದ ಮೇಲೆ ಆ ಭಾಗದ ಕುರಿಗಾರರಿಗೆ ಆದ ನಷ್ಟವನ್ನು ಯಾವ ಪರಿಹಾರವೂ ತುಂಬಿಕೊಟ್ಟಿಲ್ಲ. ಈಗ ಉಳಿದಿರುವುದು ಕೆರೆಯಂಗಳ, ಬದು, ಗುಡ್ಡದ ತಪ್ಪಲು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಸ್ವಂತ ಬದುವೇ ಗತಿ.

ಬದುವಿನ ಮೇಲೆ ಅಗಸೆ ಮರ, ಸುಬಾಬುಲ್, ಗ್ಲಿರಿಸಿಡಿಯಾ ನೆಡಿ. ನೀರು ಸ್ವಲ್ಪ ಇದ್ದರೆ ನಾಲ್ಕು ಗುಂಟೆ ಬೇಲಿಮೆಂತೆ ಹಾಕಿ. ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರಬಾರದು, ಮೀರಿದರೆ ತುಪ್ಪಟ ಉದುರುತ್ತದೆ. ಕಮರದ ಮರ ಇದ್ದವರು ಪುಣ್ಯವಂತರು. ಬರಗಾಲದಲ್ಲೂ ಸೊಪ್ಪು ಕೊಡುವ ಮರ ಅದು, ಕಡಿಯಬೇಡಿ. ಬೀಜ, ಕಡ್ಡಿ, ಬೆಳೆಯುವ ವಿಧಾನ ತಿಳಿಯಲು ಹಿರಿಯೂರಿನ ಬಬ್ಬೂರು ಫಾರಂ ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಅಕ್ಟೋಬರ್–ನವೆಂಬರ್‌ನಲ್ಲಿ ಶೇಂಗಾ ಕಿತ್ತ ಮೇಲೆ ಬರುವ ಹೊಟ್ಟು ನಮ್ಮ ಸೀಮೆಯ ದೊಡ್ಡ ಸಂಪತ್ತು. ಬೇಸಿಗೆಯ ನಾಲ್ಕು ತಿಂಗಳು ದಿನಕ್ಕೆ ಅರ್ಧ ಕಿಲೊದಂತೆ ಹಾಕಿದರೆ ಹನ್ನೊಂದು ಕುರಿಗೆ ಸುಮಾರು ಏಳು ಕ್ವಿಂಟಲ್ ಬೇಕು. ಅಷ್ಟನ್ನು ಚೆನ್ನಾಗಿ ಒಣಗಿಸಿ, ನೆಲದಿಂದ ಎತ್ತರಿಸಿ, ಮಳೆ ತಾಗದಂತೆ ಒಟ್ಟಿ. ಬೂಸ್ಟು ಹಿಡಿದದ್ದನ್ನು, ಮುಗ್ಗು ವಾಸನೆಯ ಹಿಂಡಿಯನ್ನು ಎಸೆಯಿರಿ. ಶೇಂಗಾಕ್ಕೆ ಬರುವ ಬೂಸ್ಟಿನ ವಿಷ ಯಕೃತ್ತನ್ನು ಹಾಳುಮಾಡುತ್ತದೆ, ಗಬ್ಬದ ಕುರಿ ಕಂದು ಹಾಕಬಹುದು. ಹುರುಳಿ, ತೊಗರಿ, ಕಡಲೆ ಹೊಟ್ಟು ಇದ್ದರೆ ಅವೂ ಒಳ್ಳೆಯವು. ಜನವರಿಯಿಂದ ಮಾರ್ಚ್‌ವರೆಗೆ ಕಟಾವಾದ ಹೊಲಗಳಲ್ಲಿ ಮೇಯಿಸುವ ಸುಕಾಲ. ಬೇಸಿಗೆಯಲ್ಲಿ ಬಳ್ಳಾರಿ ಜಾಲಿಯ ಸಿಹಿ ಕಾಯಿ ಉದುರುತ್ತದೆ. ಅದನ್ನು ಒಣಗಿಸಿ ಪುಡಿ ಮಾಡಿ, ಮೇವಿನ ಐದನೇ ಒಂದು ಭಾಗ ಮೀರದಂತೆ ಕೊಡಿ. ಪುಡಿ ಮಾಡದೆ ಹಾಕಿದರೆ ಬೀಜ ಹಿಕ್ಕೆಯಲ್ಲಿ ಹಾಗೇ ಹೊರಬಂದು ನಿಮ್ಮ ಹೊಲದ ತುಂಬ ಜಾಲಿ ಹುಟ್ಟುತ್ತದೆ.

ಕೈ ತಿಂಡಿ ಎಲ್ಲ ಕಾಲದಲ್ಲೂ ಬೇಡ. ಗಬ್ಬದ ಕೊನೆಯ ಒಂದೂವರೆ ತಿಂಗಳು ಮತ್ತು ಈದ ಮೇಲಿನ ಎರಡು ತಿಂಗಳು ದಿನಕ್ಕೆ 200 ಗ್ರಾಂ ಕೊಟ್ಟರೆ ಅದರ ಫಲ ಮರಿಯ ಮೈಮೇಲೆ ಕಾಣುತ್ತದೆ. ಮನೆಯಲ್ಲೇ ಮಾಡುವ 100 ಕಿಲೊ ಮಿಶ್ರಣಕ್ಕೆ ಮೆಕ್ಕೆಜೋಳದ ನುಚ್ಚು 50, ಶೇಂಗಾ ಹಿಂಡಿ 25, ಗೋಧಿ ಬೂಸಾ 22, ಖನಿಜ ಮಿಶ್ರಣ 2, ಉಪ್ಪು 1 ಕಿಲೊ. ಖನಿಜ ಮಿಶ್ರಣ ಕುರಿಗೆಂದೇ ತಯಾರಿಸಿದ್ದಾಗಿರಬೇಕು. ದನಗಳ ಮಿಶ್ರಣದಲ್ಲಿ ತಾಮ್ರದ ಅಂಶ ಹೆಚ್ಚಿರುತ್ತದೆ, ಕುರಿಯ ದೇಹ ಅದನ್ನು ತಡೆದುಕೊಳ್ಳುವುದಿಲ್ಲ.

ತಾಮ್ರದ ಮಾತು ಬಂದದ್ದರಿಂದ ಇದನ್ನು ಒತ್ತಿ ಹೇಳಬೇಕು. ಹೊಳಲ್ಕೆರೆ, ಚನ್ನಗಿರಿ, ಭೀಮಸಮುದ್ರದ ಅಡಿಕೆ ತೋಟಗಳಲ್ಲಿ, ಹೊಸದುರ್ಗ, ಹಿರಿಯೂರಿನ ದಾಳಿಂಬೆ ತೋಟಗಳಲ್ಲಿ ಬೋರ್ಡೊ ದ್ರಾವಣ ಹೊಡೆಯುತ್ತಾರೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರವೇ. ಕೆಳಗೆ ಬಿದ್ದ ಹನಿ ಹುಲ್ಲಿನ ಮೇಲೆ ಕೂರುತ್ತದೆ. ಆ ಹುಲ್ಲನ್ನು ಮೇಯ್ದ ಕುರಿಯ ಯಕೃತ್ತಿನಲ್ಲಿ ತಾಮ್ರ ವಾರಗಟ್ಟಲೆ ಸದ್ದಿಲ್ಲದೆ ಸೇರುತ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಕುರಿ ಮೇವು ಬಿಡುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆ ಹಂತದಲ್ಲಿ ಉಳಿಸುವುದು ಬಹಳ ಕಷ್ಟ. ಕುರಿ ಹಿಕ್ಕೆ ತೋಟಕ್ಕೆ ಹೋಗಲಿ, ಕುರಿ ಹೋಗುವುದು ಬೇಡ.

ದಾವಣಗೆರೆ, ಜಗಳೂರು ಕಡೆ ಇನ್ನೊಂದು ಅಪಾಯ ಮೆಕ್ಕೆಜೋಳದ ರಾಶಿ. ಕಣದಲ್ಲಿ ಒಣಗಲು ಹರವಿದ ಕಾಳಿಗೆ ಕುರಿ ನುಗ್ಗಿ ಹೊಟ್ಟೆ ತುಂಬ ತಿಂದರೆ, ಒಳಗೆ ಅದು ಹುಳಿತು ಆಮ್ಲವಾಗುತ್ತದೆ. ಕೆಲವು ಗಂಟೆಗಳಲ್ಲಿ ಎಡ ಹೊಟ್ಟೆ ಭಾರವಾಗಿ, ಹಲ್ಲು ಕಡಿಯುತ್ತಾ, ತೂರಾಡುತ್ತಾ ನಿಲ್ಲುತ್ತದೆ. ಮರುದಿನ ಹುಳಿ ವಾಸನೆಯ ಭೇದಿ. ತಿಂದದ್ದು ಗೊತ್ತಾದ ಕೂಡಲೇ ಕಾಳಿನಿಂದ ದೂರ ಕಟ್ಟಿ, ಒಣ ಹುಲ್ಲು ಮಾತ್ರ ಹಾಕಿ, 25 ಗ್ರಾಂ ಅಡುಗೆ ಸೋಡಾವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ನಿಧಾನವಾಗಿ ಕುಡಿಸಿ, ವೈದ್ಯರನ್ನು ಕರೆಯಿರಿ. ತಲೆ ಎತ್ತಿ ಹಿಡಿದು ಒಮ್ಮೆಗೇ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗೆಯೇ, ಮೊಣಕಾಲೆತ್ತರಕ್ಕಿಂತ ಚಿಕ್ಕ ಜೋಳದ ಪೈರಿಗೂ, ಮಳೆ ಕೈಕೊಟ್ಟು ಬಾಡಿದ ಜೋಳದ ಕೂಳೆ ಚಿಗುರಿಗೂ ಕುರಿ ಬಿಡಬೇಡಿ. ಅದರ ವಿಷಕ್ಕೆ ನಿಮಿಷಗಳಲ್ಲಿ ಸಾಯುತ್ತವೆ.

ಟಗರು ಬಿಡುವ ಹೊತ್ತು

ಗಬ್ಬದ ಅವಧಿ ಸುಮಾರು 150 ದಿನ. ಜೂನ್ ಮಧ್ಯದಿಂದ ಜುಲೈವರೆಗೆ ಟಗರು ಬಿಟ್ಟರೆ ನವೆಂಬರ್–ಡಿಸೆಂಬರ್‌ನಲ್ಲಿ ಮರಿ ಬೀಳುತ್ತವೆ. ಆಗ ಹೊಸ ಹೊಟ್ಟು ಮನೆಯಲ್ಲಿರುತ್ತದೆ, ಹೊಲಗಳು ತೆರವಾಗುತ್ತಿರುತ್ತವೆ, ತಾಯಿಗೆ ಹಾಲು ಬರುತ್ತದೆ. ರಾತ್ರಿಯ ಚಳಿಗೆ ಮರಿಗಳನ್ನು ಬೆಚ್ಚಗಿಡಬೇಕು, ಅಷ್ಟೆ. ಬೇಕಾದಾಗ ಈಯಲಿ ಎಂದು ವರ್ಷವಿಡೀ ಟಗರನ್ನು ಜೊತೆಯಲ್ಲೇ ಬಿಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಏಪ್ರಿಲ್‌ನಲ್ಲಿ ಹುಟ್ಟಿದ ಮರಿಯ ಪಾಡು ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ಟಗರು ಬಿಡುವ ಎರಡು ಮೂರು ವಾರ ಮೊದಲಿನಿಂದ ಹೆಣ್ಣು ಕುರಿಗಳಿಗೆ ದಿನಕ್ಕೆ 200 ಗ್ರಾಂ ತಿಂಡಿ ಕೊಡಿ. ಬಡಕಲು ಕುರಿಗಳು ಆಗ ಬೇಗ ಬೆದೆಗೆ ಬರುತ್ತವೆ. ಮೊದಲ ಬಾರಿ ಕಟ್ಟಿಸುವ ಕುರಿಮರಿ ಕನಿಷ್ಠ ವರ್ಷ ತುಂಬಿ, 20 ಕಿಲೊ ದಾಟಿರಬೇಕು. ಟಗರಿನ ಎದೆಗೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಬಳಿಯಿರಿ. ಹಾರಿದ ಕುರಿಯ ಸೊಂಟದ ಮೇಲೆ ಕೆಂಪು ಗುರುತು ಬೀಳುತ್ತದೆ, ಆ ದಿನಾಂಕ ಬರೆದಿಡಿ. ಎರಡು ದಿನಕ್ಕೊಮ್ಮೆ ಮತ್ತೆ ಬಳಿಯಬೇಕು. ಬೆದೆ 17 ದಿನಕ್ಕೊಮ್ಮೆ ಬರುವುದರಿಂದ, ಎರಡು ವಾರ ಕಳೆದ ಮೇಲೆ ಕೆಮ್ಮಣ್ಣಿನ ಬದಲು ಮಸಿ ಅಥವಾ ನೀಲಿ ಬಳಿಯಿರಿ. ಕೆಂಪು ಗುರುತಿದ್ದ ಕುರಿಗೆ ಮತ್ತೆ ನೀಲಿ ಬಿತ್ತೆಂದರೆ ಮೊದಲ ಸಲ ಗಬ್ಬ ಕಟ್ಟಿಲ್ಲ. ಹಲವು ಕುರಿಗಳಿಗೆ ಹೀಗಾದರೆ ದೋಷ ಟಗರಿನದು, ಆ ತಿಂಗಳಲ್ಲೇ ಬದಲಾಯಿಸಲು ಸಮಯ ಇರುತ್ತದೆ. ಗಬ್ಬ ನಿಂತಿಲ್ಲ ಎಂಬುದು ಐದು ತಿಂಗಳ ನಂತರ ತಿಳಿಯುವುದಕ್ಕಿಂತ ಇದು ಎಷ್ಟೋ ಮೇಲು.

ಒಂದು ಟಗರು ಇಪ್ಪತ್ತೈದು ಕುರಿಯವರೆಗೆ ಸಾಕು. ಹಾಗಾಗಿ ಎರಡು ಮೂರು ಮನೆಯವರು ಸೇರಿ ಒಳ್ಳೆಯದೊಂದನ್ನು ಕೊಳ್ಳಬಹುದು. ಎರಡು ವರ್ಷಕ್ಕೆ ಅದರ ಹೆಣ್ಣು ಮರಿಗಳೇ ಬೆದೆಗೆ ಬರುವುದರಿಂದ ಅಷ್ಟರೊಳಗೆ ಟಗರು ಬದಲಾಗಬೇಕು.

ಈಯುವ ರಾತ್ರಿ

ಇಡೀ ಸಾಕಣೆಯಲ್ಲಿ ನಿದ್ದೆಗೆಡಬೇಕಾದದ್ದು ಇಲ್ಲಿ ಮಾತ್ರ. ಬರೆದಿಟ್ಟ ದಿನಾಂಕಕ್ಕೆ ಒಂದು ವಾರ ಮೊದಲು ಕುರಿಯನ್ನು ದೂರ ಮೇಯಿಸಲು ಕಳಿಸುವುದು ನಿಲ್ಲಿಸಿ. ಕೆಚ್ಚಲಿನ ಸುತ್ತಲಿನ ತುಪ್ಪಟ ಕತ್ತರಿಸಿ. ಈಯುವ ಕುರಿ ಮಂದೆಯಿಂದ ಬೇರೆಯಾಗಿ ಮೂಲೆ ಹಿಡಿಯುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ, ಮಲಗುತ್ತದೆ, ಏಳುತ್ತದೆ. ನೀರಿನ ಚೀಲ ಒಡೆದ ಮೇಲೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಎರಡು ಮುಂಗೊರಸು, ಅವುಗಳ ಮೇಲೆ ಮೂತಿ ಕಾಣಬೇಕು. ಹಾಗೆ ಕಂಡರೆ ದೂರ ನಿಂತು ನೋಡಿ, ಕೈ ಹಾಕಬೇಡಿ. ಒಂದೇ ಕಾಲು, ಬರೀ ತಲೆ ಅಥವಾ ಬಾಲ ಕಂಡರೆ, ಇಲ್ಲವೇ ಗಂಟೆಗಿಂತ ಹೆಚ್ಚು ಮುಕ್ಕಿಯೂ ಏನೂ ಬರದಿದ್ದರೆ ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಿ.

ಮರಿ ನೆಲಕ್ಕೆ ಬಿದ್ದ ಕೂಡಲೇ ಮೂಗು, ಬಾಯಿಯ ಲೋಳೆ ಒರೆಸಿ. ಉಸಿರು ತೆಗೆದುಕೊಳ್ಳದಿದ್ದರೆ ಒಣ ಹುಲ್ಲಿನ ಕಡ್ಡಿಯನ್ನು ಮೂಗಿನ ಹೊಳ್ಳೆಯಲ್ಲಿ ಆಡಿಸಿ, ಗೋಣಿಚೀಲದಿಂದ ಎದೆಯನ್ನು ಗಟ್ಟಿಯಾಗಿ ಉಜ್ಜಿ, ಸೀನಿದರೆ ಗೆದ್ದಂತೆ. ಉಳಿದ ಮೈಯನ್ನು ತಾಯಿಯೇ ನೆಕ್ಕಲಿ. ನೆಕ್ಕುವಾಗಲೇ ಅದು ತನ್ನ ಮರಿಯ ವಾಸನೆ ಹಿಡಿಯುವುದು. ಹೊಕ್ಕುಳಬಳ್ಳಿ ಉದ್ದವಿದ್ದರೆ ಎರಡು ಬೆರಳು ಬಿಟ್ಟು ಕತ್ತರಿಸಿ, ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಈ ಒಂದು ಕೆಲಸ ಬಿಟ್ಟರೆ ವಾರದ ನಂತರ ಮರಿಯ ಕೀಲುಗಳು ಬಾತು ಕುಂಟಲು ಶುರುವಾಗುತ್ತದೆ. ನಂತರ ತಾಯಿಯ ಎರಡೂ ಮೊಲೆಯಿಂದ ನಾಲ್ಕು ಹನಿ ಹಿಂಡಿ ತುದಿಯ ಮೇಣ ಬಿಡಿಸಿ. ಎಷ್ಟೋ ಮರಿಗಳು ತುಂಬಿದ ಕೆಚ್ಚಲಿನ ಕೆಳಗೇ ಹಸಿದು ಸಾಯುವುದು ಆ ಮೇಣದಿಂದ.

ಮೊದಲ ಗಂಟೆಯಲ್ಲೇ ಗಿಣ್ಣು ಹಾಲು ಹೊಟ್ಟೆ ಸೇರಬೇಕು. ರೋಗ ತಡೆಯುವ ಶಕ್ತಿ ಮರಿಗೆ ಬರುವುದು ಅದರಿಂದ ಮಾತ್ರ, ದಿನ ಕಳೆದರೆ ಅದನ್ನು ಹೀರಿಕೊಳ್ಳುವ ಗುಣ ಕರುಳಿಗೆ ಇರುವುದಿಲ್ಲ. ಎರಡೂವರೆ ಕಿಲೊ ಮರಿಗೆ ಸಲಕ್ಕೆ ಸುಮಾರು 120 ಮಿಲಿಲೀಟರ್, ಮೊದಲ ದಿನ ನಾಲ್ಕು ಸಲ. ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ: ತಣ್ಣಗಿದ್ದರೆ ಮೊದಲು ಮೈ ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಾಯಿ ಸತ್ತರೆ ಅದೇ ದಿನ ಈದ ಬೇರೆ ಕುರಿಯ ಸೆತ್ತೆ (ಮಾಸು) ನೀರನ್ನು ಆ ಮರಿಯ ಮೈಗೆ ಸವರಿ ಬಿಟ್ಟರೆ ಅದು ತನ್ನದೆಂದು ಸೇರಿಸಿಕೊಳ್ಳುವುದುಂಟು. ಸೆತ್ತೆಯನ್ನು ಹೂಳಿ, ನಾಯಿಗೆ ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಕಂದು ಹಾಕಿದ ಕುರಿಯ ವಿಷಯದಲ್ಲಿ ಇನ್ನೂ ಎಚ್ಚರ, ಬ್ರೂಸೆಲ್ಲಾ ರೋಗ ಮನುಷ್ಯರಿಗೂ ಹತ್ತುತ್ತದೆ.

ಹದಿನೈದು ದಿನದಿಂದ ಮರಿಗಳು ಮಾತ್ರ ನುಸುಳುವಷ್ಟು ಸಂದಿ ಬಿಟ್ಟು ಒಂದು ಮೂಲೆಯಲ್ಲಿ ನುಚ್ಚು, ಅಗಸೆ ಸೊಪ್ಪು ಇಡಿ. ಮೂರು ತಿಂಗಳಿಗೆ ಹಾಲು ಬಿಡಿಸಿ.

ರೋಗ ಬರುವ ಮೊದಲು

ಲಸಿಕೆಯನ್ನು ಹಬ್ಬದಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕರುಳುಬೇನೆಯ ಲಸಿಕೆ ಮೇ ತಿಂಗಳಲ್ಲಿ, ಮುಂಗಾರಿನ ಮೊದಲೇ ಆಗಬೇಕು. ಬೇಸಿಗೆಯಿಡೀ ಹಸಿದ ಕುರಿ ಮೊದಲ ಮಳೆಯ ಎಳೆ ಹುಲ್ಲನ್ನು ಹೊಟ್ಟೆ ಬಿರಿಯೆ ತಿಂದಾಗ ಕರುಳಿನಲ್ಲಿ ರೋಗಾಣು ಒಮ್ಮೆಲೇ ಹೆಚ್ಚಿ ವಿಷ ಬಿಡುತ್ತದೆ. ಚೆನ್ನಾಗಿ ಮೈದುಂಬಿದ ಮರಿಯೇ ಬೆಳಿಗ್ಗೆ ಹೆಣವಾಗಿ ಸಿಗುತ್ತದೆ. ಮೊದಲ ಸಲ ಹಾಕಿಸಿದವರು ಎರಡು ಮೂರು ವಾರದ ನಂತರ ಮತ್ತೊಂದು ಸಲ ಹಾಕಿಸಬೇಕು. ಪಿ.ಪಿ.ಆರ್. (ಕುರಿ, ಮೇಕೆಗಳ ಪ್ಲೇಗ್) ಲಸಿಕೆಯನ್ನು ನಾಲ್ಕು ತಿಂಗಳು ದಾಟಿದ ಮರಿಗೆ ಹಾಕಿಸಿದರೆ ಮೂರು ವರ್ಷ ರಕ್ಷಣೆ. ಕುರಿ ಸಿಡುಬು ಲಸಿಕೆ ವರ್ಷಕ್ಕೊಮ್ಮೆ, ಕಾಲುಬಾಯಿ ಜ್ವರದ್ದು ಆರು ತಿಂಗಳಿಗೊಮ್ಮೆ.

ನಮ್ಮ ಕಡೆ ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ನೀಲಿ ನಾಲಿಗೆ ರೋಗವನ್ನು ಹಗುರವಾಗಿ ಕಾಣಬೇಡಿ. ಕುರಿಯಿಂದ ಕುರಿಗೆ ಅದನ್ನು ದಾಟಿಸುವುದು ಸಣ್ಣ ನೊರಜು. ಜ್ವರ, ಬಾತ ತುಟಿ, ಬಾಯಿ ಹುಣ್ಣು, ಕುಂಟುವ ಕಾಲು ಒಟ್ಟಿಗೆ ಕಂಡರೆ ಸಂಶಯಪಡಿ. ಲಸಿಕೆ ಇದೆ, ಮಳೆಗೆ ಮುಂಚೆಯೇ ಆಸ್ಪತ್ರೆಯಲ್ಲಿ ಕೇಳಿ. ಸಂಜೆ ರೊಪ್ಪದ ಗಾಳಿ ಬರುವ ದಿಕ್ಕಿನಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುವ ಹಳೆಯ ರೂಢಿ ನೊರಜನ್ನು ದೂರವಿಡಲು ನೆರವಾಗುತ್ತದೆ. ಬಾಯಿ ಹುಣ್ಣಾದ ಕುರಿಗೆ ರಾಗಿ ಅಂಬಲಿ ಕುಡಿಸಿ, ನೆರಳಿನಲ್ಲಿಡಿ.

ಜಂತು ಔಷಧವನ್ನು ತಿಂಗಳಿಗೊಮ್ಮೆ ಎಲ್ಲಕ್ಕೂ ಸುರಿಯುವುದರಿಂದ ಔಷಧಕ್ಕೆ ಬಗ್ಗದ ಹುಳುಗಳನ್ನು ನಾವೇ ಬೆಳೆಸಿದಂತೆ. ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ನಡುವೆ ಕಣ್ಣುರೆಪ್ಪೆ ಬಿಳಿಚಿದ ಕುರಿಗಳಿಗೆ ಮಾತ್ರ ಕೊಡಿ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡ, ಬದಲಿಗೆ ಫೆನ್‌ಬೆಂಡಜೋಲ್ ಕೇಳಿ. ಸೂಳೆಕೆರೆಯ ಅಂಚು, ಭದ್ರಾ ನಾಲೆಯ ಗದ್ದೆಬಯಲಿನಲ್ಲಿ ಮೇಯಿಸುವವರಿಗೆ ಬಸವನಹುಳುವಿನಿಂದ ಯಕೃತ್ತಿನ ಚಪ್ಪಟೆ ಹುಳು ಹತ್ತುತ್ತದೆ. ಅದಕ್ಕೆ ಔಷಧವೇ ಬೇರೆ, ವೈದ್ಯರಿಗೆ ಎಲ್ಲಿ ಮೇಯಿಸುತ್ತೀರಿ ಎಂಬುದನ್ನು ಹೇಳಿ.

ಇದ್ದಕ್ಕಿದ್ದಂತೆ ಸತ್ತ ಕುರಿಯ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಆಗಿರಬಹುದು. ಕೊಯ್ಯಬೇಡಿ, ಸುಲಿಯಬೇಡಿ, ತಿನ್ನಬೇಡಿ. ವೈದ್ಯರಿಗೆ ತಿಳಿಸಿ, ಆರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಬೇರೆ ಕಾರಣದಿಂದ ಸತ್ತ ಕುರಿಗಾದರೆ ಹೂಳುವ ಮೊದಲು ವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಉಳಿದ ಒಂಬತ್ತನ್ನು ಉಳಿಸುವ ದಾರಿ ಅದರಿಂದ ತಿಳಿಯುತ್ತದೆ. ವಿಮೆ, ಪರಿಹಾರಕ್ಕೂ ಆ ಪರೀಕ್ಷೆಯ ಕಾಗದ, ಕುರಿಯ ಕಿವಿಯೋಲೆಯ (ಟ್ಯಾಗ್) ಸಂಖ್ಯೆ ಬೇಕು.

ತುಪ್ಪಟ, ಹಿಕ್ಕೆ, ಮಾರಾಟ

ವರ್ಷಕ್ಕೆ ಎರಡು ಸಲ ತುಪ್ಪಟ ಕತ್ತರಿಸುತ್ತಾರೆ. ಒರಟು ತುಪ್ಪಟಕ್ಕೆ ಬೆಲೆ ಕಡಿಮೆ, ಅದರಿಂದ ಹಣ ನಿರೀಕ್ಷಿಸಬೇಡಿ. ಆದರೂ ಕತ್ತರಿಸಲೇಬೇಕು, ಇಲ್ಲದಿದ್ದರೆ ಉಣುಗು, ಹೇನು ತುಂಬುತ್ತವೆ. ಬಿಸಿಲು ಇರುವ ದಿನ ನೋಡಿ ಕೆರೆಯಲ್ಲಿ ಮೈ ತೊಳೆದು, ಒಣಗಿದ ಮೇಲೆ ಕತ್ತರಿಸಿ. ಕಪ್ಪು, ಬಿಳಿ ಬೇರೆ ಬೇರೆ ಚೀಲಕ್ಕೆ ತುಂಬಿ. ಚಳ್ಳಕೆರೆ ಸೀಮೆಯ ಕಂಬಳಿ ನೇಯುವವರು ಬಣ್ಣ ಹಾಕದ ಕರಿ ತುಪ್ಪಟವನ್ನೇ ಕೇಳುತ್ತಾರೆ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಆ ಕಂಬಳಿ ಮಳೆ, ಚಳಿ ಎರಡಕ್ಕೂ ಆಗುತ್ತದೆ. ನಿಮ್ಮ ಮನೆಗೊಂದನ್ನು ನೇಯಿಸಿಕೊಳ್ಳುವಷ್ಟಾದರೂ ತುಪ್ಪಟ ಕೂಡಿಡಿ.

ಹಿಕ್ಕೆ ಮಾತ್ರ ನಿಜವಾದ ಆದಾಯ. ಒಂದು ಕುರಿ ದಿನಕ್ಕೆ ಅರ್ಧ ಕಿಲೊದಷ್ಟು ಹಾಕುತ್ತದೆ ಎಂದರೂ ಹತ್ತು ಕುರಿಗೆ ವರ್ಷಕ್ಕೆ ಒಂದೂವರೆ ಟನ್‌ಗಿಂತ ಹೆಚ್ಚು. ರೊಪ್ಪದ ಗೊಬ್ಬರವನ್ನು ಮಾರುವುದಕ್ಕಿಂತ, ಬೇಸಿಗೆಯಲ್ಲಿ ಹೊಲದಲ್ಲೇ ಬಲೆ ಕಟ್ಟಿ ರಾತ್ರಿ ಕುರಿ ತರುಬಿ, ಎರಡು ದಿನಕ್ಕೊಮ್ಮೆ ಜಾಗ ಬದಲಿಸಿದರೆ ಮೂತ್ರವೂ ವ್ಯರ್ಥವಾಗದೆ ಮಣ್ಣಿಗೆ ಸೇರುತ್ತದೆ.

ಗಂಡು ಮರಿಗಳನ್ನು ಆರು ತಿಂಗಳಿಗೆ ಮಾರಬಹುದು, ತೂಕ 15 ಕಿಲೊ ಆಸುಪಾಸು ಇರುತ್ತದೆ. ಬಕ್ರೀದ್‌ಗೆ ಇಟ್ಟುಕೊಳ್ಳುವುದಾದರೆ ಹಬ್ಬ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ ಎಂಬುದು ನೆನಪಿರಲಿ. 2025ರಲ್ಲಿ ಅದು ಜೂನ್ 7ಕ್ಕೆ ಬಂದಿತ್ತು. ನವೆಂಬರ್ ಮರಿಗೆ ವರ್ಷ ತುಂಬಿ ಮುಂದಿನ ಹಬ್ಬ ಬರುವುದು ಯಾವಾಗ ಎಂದು ಲೆಕ್ಕ ಹಾಕಿಯೇ ತಿಂಡಿ ಖರ್ಚು ಮಾಡಿ. ಕಿವಿ ಹರಿದ, ಕೊಂಬು ಮುರಿದ, ಕುಂಟುವ ಟಗರನ್ನು ಆ ಹಬ್ಬಕ್ಕೆ ಕೊಳ್ಳುವವರು ಒಪ್ಪುವುದಿಲ್ಲ. ಹಾಗಾಗಿ ಗುರುತಿಗೆಂದು ಕಿವಿ ಸೀಳುವ ಅಭ್ಯಾಸ ಬಿಡಿ.

ಮಾರುವಾಗ ವ್ಯಾಪಾರಿಯ ಕಣ್ಣಂದಾಜು ಒಪ್ಪಿಕೊಳ್ಳಬೇಡಿ. ಸೊಂಟ ಹಿಡಿದು ಎತ್ತಿ ‘ಹನ್ನೆರಡು ಕಿಲೊ’ ಎನ್ನುವ ಕೈಗಳಿಗೆ ತೂಕ ಚೆನ್ನಾಗಿ ಗೊತ್ತಿರುತ್ತದೆ, ಬಾಯಲ್ಲಿ ಹೇಳುವುದು ಮಾತ್ರ ಕಡಿಮೆ. ನೇತುಹಾಕುವ ತಕ್ಕಡಿಯನ್ನು ನಾಲ್ಕು ಮನೆಯವರು ಸೇರಿ ಕೊಂಡು, ಬೆಳಿಗ್ಗೆ ಮೇವು ನೀರು ಕೊಡುವ ಮೊದಲು ತೂಗಿ, ಆ ದಿನ ಸುತ್ತಲಿನ ಪೇಟೆಯಲ್ಲಿ ಜೀವಂತ ತೂಕಕ್ಕೆ ಏನು ದರ ಎಂದು ಇಬ್ಬರನ್ನು ಕೇಳಿ ಮಾತಿಗೆ ಕೂರಿ. ಹೆಣ್ಣು ಮರಿಗಳಲ್ಲಿ ಹೆಚ್ಚು ಹಾಲಿನ ತಾಯಿಯ ಎರಡು ಮೂರನ್ನು ಯಾವ ಬೆಲೆಗೂ ಕೊಡಬೇಡಿ. ಅವುಗಳ ಬದಲು ಬಾಯಿ ಕೂಡಿ ಹಲ್ಲು ಸವೆದ, ಎರಡು ಸುಗ್ಗಿ ಗೊಡ್ಡು ನಿಂತ ಕುರಿಗಳನ್ನು ಫೆಬ್ರವರಿಯಲ್ಲೇ, ಮೈಯಲ್ಲಿ ಮಾಂಸ ಇರುವಾಗಲೇ, ಮಾರಿಬಿಡಿ.